ಬೈ-ಆಂಪಿಂಗ್ ಮೀಮಾಂಸೆ

ಮನೆಯ ಹಜಾರವನ್ನೇ ಚಿತ್ರಮಂದಿರವನ್ನಾಗಿ ಮಾಡಿಕೊಂಡ ಗೃಹಸ್ಥರಲ್ಲಿ ಕಾಲಕ್ರಮೇಣ ಕಾಣಿಸಿಕೊಳ್ಳುವ ಚಪಲಗಳ ಪೈಕಿ ಬೈ-ಆಂಪಿಂಗ್ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದದ್ದು. ಆಂಪ್ಲಿಫೈಯರ್ ಎಂದರೆ ಕ್ಷೀಣವಾದ ಧ್ವನಿಸಂಕೇತಕ್ಕೆ ಸ್ಪೀಕರನ್ನು ನುಡಿಸುವಷ್ಟು ಬಲ ತುಂಬುವ ಸಾಧನ. ಒಂದು ಸ್ಪೀಕರಿಗೆ ಇಂಥದೊಂದು ಸಾಕೆಂಬುದು ಲೋಕರೂಢಿಯಾದರೆ, ಮಂದ್ರಸ್ವರಗಳನ್ನು ನುಡಿಸುವ ವೂಫರಿಗೆ ಒಂದು, ತಾರಸ್ವರಗಳನ್ನು ನುಡಿಸುವ ಟ್ವೀಟರಿಗೆ ಮತ್ತೊಂದು ಬೇಕೆಂಬುದು ಬೈ-ಆಂಪಿಂಗ್ ಪಂಥದ ನಿಲುವು. ಈ ಪಂಥ ಹುಟ್ಟುವುದು ಸಂಗೀತಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಹೋಮ್ ಥಿಯೇಟರಿನ ಮಿದುಳೂ ಸ್ನಾಯುವೂ ಆದ ರಿಸೀವರನ್ನು ಏಳು ಚಾನೆಲ್‌ಗಳದ್ದೇ, ಅಂದರೆ ಒಳಗೆ ಏಳು ಆಂಪ್ಲಿಫೈಯರುಗಳುಳ್ಳದ್ದೇ, ಬೇಕೆಂದು ತಂದು, ಹಜಾರದಲ್ಲಿ ಐದು ಸ್ಪೀಕರುಗಳಿಗೆ ಮಾತ್ರ ಜಾಗವಿದೆಯೆಂಬುದು ಆಮೇಲೆ ತಿಳಿದಾಗ, ದುಡ್ಡು ಕೊಟ್ಟ ಎರಡು ಚಾನೆಲ್‌ಗಳು ದುಡಿಯದೆ ಕುಳಿತಿವೆಯೆಂಬ ಅರಿವು ಮಧ್ಯಮವರ್ಗದ ಅಂತಃಕರಣವನ್ನು ಹಗಲಿರುಳೂ ಕೊರೆಯತೊಡಗುತ್ತದೆ. ಪ್ರಸ್ತುತ ಲೇಖಕನು ಈ ವರ್ಗದ ಮನಃಸ್ಥಿತಿಯನ್ನು ಬಹು ಸಮೀಪದಿಂದ ಬಲ್ಲನೆಂದಷ್ಟೇ ಇಲ್ಲಿ ಹೇಳಿದರೆ ಸಾಕು.

ರಿಸೀವರಿನ ಮೆನುವಿನಲ್ಲಿ ಬೈ-ಆಂಪ್ ಎಂಬ ಆಯ್ಕೆಯೊಂದು ಸಾಮಾನ್ಯವಾಗಿ ಇರುತ್ತದೆ; ಅದನ್ನು ಒತ್ತಿದೊಡನೆ, ಹಿಂಬದಿಯ ಸ್ಪೀಕರುಗಳಿಗೆ ಮೀಸಲಾಗಿದ್ದ ಆ ಎರಡು ಚಾನೆಲ್‌ಗಳಿಗೂ ಮುಂಬದಿಯ ಎಡಬಲಗಳ ಸಂಕೇತವೇ ಹರಿಯುತ್ತದೆ. ಆದರೆ ಮಂದ್ರ ಯಾವುದು, ತಾರ ಯಾವುದು ಎಂದು ಸಂಕೇತವನ್ನು ಬೇರ್ಪಡಿಸುವ ಕ್ರಾಸೋವರ್ ಎಂಬ ಜಾಲವು ಸ್ಪೀಕರಿನ ಹೊಟ್ಟೆಯೊಳಗೇ ಉಳಿದಿರುವುದರಿಂದ, ಎರಡು ಆಂಪ್ಲಿಫೈಯರುಗಳೂ ಪೂರ್ತಿ ಸಂಕೇತವನ್ನೇ ಹೊತ್ತು, ವೋಲ್ಟೇಜಿನ ಮಿತಿಯನ್ನು ಒಂದೇ ಕ್ಷಣದಲ್ಲಿ ತಲುಪಿ, ಒಂದೇ ಕ್ಷಣದಲ್ಲಿ ಕರ್ಕಶವಾಗುತ್ತವೆ. ಇಬ್ಬರ ನಡುವೆ ಹಂಚಿಹೋಗುವುದು ಕರೆಂಟು ಮಾತ್ರ. ಆ ಕರೆಂಟಾದರೂ ರಿಸೀವರಿನೊಳಗಿನ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಬರಬೇಕಾಗಿರುವುದರಿಂದ, ಇದು ಮಹಡಿಯ ಮೇಲಿನ ಸಿಂಟೆಕ್ಸ್ ತೊಟ್ಟಿಗೆ ಇನ್ನೊಂದು ನಲ್ಲಿ ಜೋಡಿಸಿ ನೀರು ಹೆಚ್ಚಿತೆಂದು ಸಂಭ್ರಮಿಸಿದಂತೆ. ವಾದಕ್ಕಾಗಿ ಶಕ್ತಿಯು ನಿಜವಾಗಿಯೇ ದುಪ್ಪಟ್ಟಾಯಿತೆಂದು ಒಪ್ಪಿಕೊಂಡರೂ ದೊರೆಯುವ ಲಾಭ 3 ಡೆಸಿಬಲ್, ಅಂದರೆ ಸದ್ದಿನ ಅಳತೆಯಲ್ಲಿ ಒಂದು ಸಣ್ಣ ಮೆಟ್ಟಿಲು. ಕಿವಿಗೆ ಸದ್ದು ದುಪ್ಪಟ್ಟೆನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಮನೆಯ ಸಾಮಾನ್ಯ ಸ್ಪೀಕರು ಒಂದೇ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 88 ಡೆಸಿಬಲ್‌ನ ಆಸುಪಾಸಿನಲ್ಲಿ ನುಡಿಯುತ್ತದೆ. ಮಾತುಕತೆಯ ಸದ್ದು 60ರ ಸುಮಾರಿನದು. ಉಳಿದ ವ್ಯಾಟುಗಳು ಬಹುಮಟ್ಟಿಗೆ ಪೆಟ್ಟಿಗೆಯ ಮೇಲಿನ ಮುದ್ರಣಕ್ಕಾಗಿಯೇ ಇರುವಂಥವು.

ಇಷ್ಟು ತಿಳಿದ ಮೇಲೂ ರಸಿಕನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗಿ, ಮೊದಲಿನಷ್ಟೇ ಉದ್ದದ ಇನ್ನೊಂದು ಸುರುಳಿ ವೈರನ್ನು ತಂದೇ ತರುತ್ತಾನೆ. ಅನಂತರದ ವಿಧಿಯೇ ಈ ಪಂಥದ ಹೃದಯ. ಬೈ-ಆಂಪಿಂಗ್‌ಗೆ ಅನುಕೂಲವಿರುವ ಸ್ಪೀಕರಿನ ಬೆನ್ನಿನಲ್ಲಿ ಎರಡರ ಬದಲು ನಾಲ್ಕು ತಿರುಪುಗಳಿದ್ದು, ಮೇಲಿನ ಜೋಡಿಯನ್ನೂ ಕೆಳಗಿನ ಜೋಡಿಯನ್ನೂ ಜಂಪರ್ ಎಂದು ಕರೆಯಲ್ಪಡುವ, ಚಿನ್ನದ ಬಣ್ಣದ ಎರಡು ಪುಟ್ಟ ಹಿತ್ತಾಳೆ ಪಟ್ಟಿಗಳು ಬೆಸೆದಿರುತ್ತವೆ. ಇವನ್ನು ಕಳಚದಿದ್ದರೆ ಎರಡು ಆಂಪ್ಲಿಫೈಯರುಗಳು ಪರಸ್ಪರ ಹಣೆ ಹಣೆ ಗುದ್ದಿಕೊಂಡು ರಿಸೀವರು ಆತ್ಮರಕ್ಷಣೆಗಾಗಿ ಕಣ್ಣು ಮುಚ್ಚುತ್ತದೆ, ಇಲ್ಲವೇ ಶಾಶ್ವತವಾಗಿ ಮುಚ್ಚುತ್ತದೆ. ಆದಕಾರಣ ರಸಿಕನು ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ, ಅದರ ಟಾರ್ಚಿನ ಬೆಳಕಿನಲ್ಲಿ ಟಿವಿ ಯೂನಿಟ್ಟಿನ ಹಿಂದಿನ ಒಂದಡಿ ಸಂದಿಗೆ ಮೊದಲು ಬಲಭುಜವನ್ನೂ ಆಮೇಲೆ ಹೊಟ್ಟೆಯನ್ನೂ ತೂರಿಸಿ, ದಸರಾ ಹಬ್ಬದಂದೂ ಪೊರಕೆ ಕಾಣದ ಧೂಳಿನಲ್ಲಿ ಮಲಗುತ್ತಾನೆ. ಮೊದಲ ಪಟ್ಟಿ ಸಲೀಸಾಗಿ ಬರುತ್ತದೆ. ಎರಡನೆಯದು ಬೆರಳಿನಿಂದ ಜಾರಿ, ಟೈಲ್ಸ್ ಮೇಲೆ ಟಿಣ್ಣೆಂದು ಕುಣಿದು, ಇಡೀ ಹಜಾರದಲ್ಲಿ ಮನುಷ್ಯನ ಕೈ ತಲುಪದ ಏಕೈಕ ಜಾಗವನ್ನು ಹುಡುಕಿಕೊಂಡು ಹೋಗಿ ವಿರಮಿಸುತ್ತದೆ. ಅದಕ್ಕಾಗಿ ತೆಂಗಿನ ಪೊರಕೆಯ ಕಡ್ಡಿ ಬರುತ್ತದೆ, ಕಡ್ಡಿಯ ತುದಿಗೆ ಚ್ಯೂಯಿಂಗ್ ಗಮ್ ಬರುತ್ತದೆ. ಆಯಸ್ಕಾಂತವನ್ನು ತರಿಸಿದ ಮೇಲೆ ಹಿತ್ತಾಳೆಯು ಆಯಸ್ಕಾಂತಕ್ಕೆ ಅಂಟುವುದಿಲ್ಲವೆಂಬ ಪ್ರೌಢಶಾಲೆಯ ಪಾಠವು ತಡವಾಗಿ ನೆನಪಿಗೆ ಬರುತ್ತದೆ. ಕಡೆಗೂ ಹೊರಬಂದ ಪಟ್ಟಿಯನ್ನು ಧೂಳು ಒರೆಸಿ, ಕಾಗದದಲ್ಲಿ ಸುತ್ತಿ, ಮುಂದೆಂದೂ ಸಿಗದಷ್ಟು ಜೋಪಾನವಾಗಿ ಎತ್ತಿಡಲಾಗುತ್ತದೆ.

ಬಳಿಕ ಆಲಿಸುವಿಕೆ. ಬದಲಾವಣೆಯ ಮೊದಲು ಕೇಳಿದ್ದಕ್ಕೂ ಈಗ ಕೇಳುತ್ತಿರುವುದಕ್ಕೂ ನಡುವೆ ಗಂಟೆಗಟ್ಟಲೆ ತೆವಳುವಿಕೆ ಕಳೆದಿದೆ. ಧ್ವನಿಯ ಸೂಕ್ಷ್ಮಗಳ ನೆನಪಾದರೋ ಕೆಲವೇ ಸೆಕೆಂಡು ನಿಲ್ಲುವಂಥದು. ಹೀಗಿದ್ದೂ 2022ರ ‘ಕಾಂತಾರ’ದ ಕೊನೆಯ ಕೂಗನ್ನು ಮತ್ತೆ ಮತ್ತೆ ಹಾಕಿ, ಕಣ್ಣು ಮುಚ್ಚಿ, ತಲೆಯನ್ನು ಓರೆ ಮಾಡಿ, ಪರದೆಯೊಂದು ಸರಿದಂತಾಯಿತೆಂದು ರಸಿಕನು ಘೋಷಿಸುತ್ತಾನೆ. “ವ್ಯತ್ಯಾಸ ಗೊತ್ತಾಯಿತೇ?” ಎಂಬ ಪ್ರಶ್ನೆಗೆ ಅಡುಗೆಮನೆಯಿಂದ ಬರುವ ಉತ್ತರ: “ಗೊತ್ತಾಯಿತು. ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತಿದ್ದಾರೆ ನೋಡಿ.”

ಈ ಭ್ರಮೆಯನ್ನು ರಸಿಕನ ತಲೆಗೇ ಕಟ್ಟುವುದು ನ್ಯಾಯವಲ್ಲ. ಜೋಡಿ ಕೇಬಲ್ ಹಾಕಿದರೆ ವೀಣೆಯ ತಂತಿಯ ಮೇಲೆ ಬೆರಳು ಸರಿಯುವುದೂ ಕೇಳುತ್ತದೆಂದು ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವ ಮಾರಾಟಗಾರರಿದ್ದಾರೆ. ಹಾಗಾದರೆ ಕಣ್ಣು ಕಟ್ಟಿ, ಸದ್ದಿನ ಮಟ್ಟವನ್ನು ಸಮ ಮಾಡಿ ಪರೀಕ್ಷಿಸೋಣವೆಂದರೆ ಅವರಿಗೆ ಒಳಗಿನ ಗೋದಾಮಿನಲ್ಲಿ ತುರ್ತು ಕೆಲಸ ಬರುತ್ತದೆ. ಅವರು ಹೇಳದ ಇನ್ನೊಂದು ಸಂಗತಿಯಿದೆ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದೆಂಬುದು ಹದಿಹರೆಯದ ಲೆಕ್ಕ. ಐವತ್ತರ ಹೊತ್ತಿಗೆ ಬಹುಪಾಲು ಜನರಿಗೆ 12,000ದಿಂದಾಚೆಯ ಸದ್ದು ಕೇಳಿಸುವುದೇ ಕಷ್ಟ. ಟ್ವೀಟರಿಗೊಂದು ಪ್ರತ್ಯೇಕ ಆಂಪ್ಲಿಫೈಯರನ್ನು ಕೊಡುವಷ್ಟು ಹಣವೂ ಬಿಡುವೂ ಕೂಡಿಬರುವ ವಯಸ್ಸಿನಲ್ಲಿ ಆ ಟ್ವೀಟರಿನ ಅರ್ಧ ಮಾತು ಮನೆಯ ಮಕ್ಕಳಿಗೆ ಮಾತ್ರ ಕೇಳುತ್ತಿರುತ್ತದೆ, ಮತ್ತು ಅವರು ಒಳಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕುಳಿತಿರುತ್ತಾರೆ.

ನಿಜವಾದ ಬೈ-ಆಂಪಿಂಗ್ ಇಲ್ಲವೆಂದಲ್ಲ. ಸಂಕೇತವನ್ನು ಆಂಪ್ಲಿಫೈಯರಿಗೆ ಹೋಗುವ ಮೊದಲೇ ಸೀಳಿ, ಪ್ರತಿ ಆಂಪ್ಲಿಫೈಯರಿಗೂ ಅದರ ಪಾಲನ್ನು ಮಾತ್ರ ಕೊಡುವ ಸಕ್ರಿಯ ವಿಧಾನದಲ್ಲಿ ಅರ್ಥವಿದೆ. ಜೀಗ್‌ಫ್ರೀಡ್ ಲಿಂಕ್ವಿಟ್ಸ್ 1976ರಲ್ಲಿ ಪ್ರಕಟಿಸಿದ, ಲಿಂಕ್ವಿಟ್ಸ್-ರೈಲಿ ಎಂದೇ ಹೆಸರಾದ ಸೋಸುಜಾಲವು ಇಂದಿಗೂ ಈ ಕೆಲಸದಲ್ಲಿ ಬಳಕೆಯಲ್ಲಿದೆ. ತಮಾಷೆಯೆಂದರೆ, ಸ್ವಂತ ಆಂಪ್ಲಿಫೈಯರುಳ್ಳ ಸಬ್‌ವೂಫರನ್ನು ಹಜಾರದ ಮೂಲೆಯಲ್ಲಿಟ್ಟು, 80 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಅದಕ್ಕೆ ಹೋಗಲೆಂದು ರಿಸೀವರಿಗೆ ಅಪ್ಪಣೆ ಮಾಡಿದ ದಿನವೇ ರಸಿಕನು ತನಗರಿವಿಲ್ಲದೆ ಈ ವಿಧಾನದ ಮುಖ್ಯ ಲಾಭವನ್ನು ಪಡೆದಾಗಿರುತ್ತದೆ. ಇನ್ನು ಮನೆಯವರ ನಿತ್ಯದ ದೂರು ಸಂಭಾಷಣೆ ಸ್ಪಷ್ಟವಿಲ್ಲವೆಂಬುದು. ಚಿತ್ರದ ಮಾತೆಲ್ಲ ಬಹುತೇಕ ಬರುವುದು ಟಿವಿಯ ಕೆಳಗಿನ ಸೆಂಟರ್ ಸ್ಪೀಕರಿನಿಂದ, ಬೈ-ಆಂಪ್ ಆದದ್ದು ಎಡಬಲದವು. ಆ ಸೆಂಟರ್ ಸ್ಪೀಕರನ್ನು ಕಪಾಟಿನ ಗೂಡಿನಿಂದ ನಾಲ್ಕು ಬೆರಳು ಮುಂದೆಳೆದು, ಕಿವಿಯತ್ತ ತುಸು ಮೇಲಕ್ಕೆ ವಾಲಿಸಿ, ಬರಿ ಟೈಲ್ಸ್ ಮೇಲೆ ಜಮಖಾನೆಯೊಂದನ್ನು ಹಾಸಿದರೆ ಆಗುವ ಉಪಕಾರ, ಎಸ್.ಪಿ. ರಸ್ತೆಯ ವೈರನ್ನೆಲ್ಲ ತಂದರೂ ಆಗದು.

ಉಳಿದದ್ದು ಆ ಎರಡು ಚಾನೆಲ್‌ಗಳ ನಿರುದ್ಯೋಗದ ಪ್ರಶ್ನೆ. ಸದ್ದು ನೆತ್ತಿಯ ಮೇಲಿಂದಲೂ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ವ್ಯವಸ್ಥೆಯು 2012ರಲ್ಲಿ ಚಿತ್ರಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದಿದ್ದು, ಅಟ್ಮಾಸ್ ಬಲ್ಲ ರಿಸೀವರಿನಲ್ಲಿ ಅದರ ಎರಡು ಮೇಲ್ಸ್ಪೀಕರುಗಳಿಗೆ ಇವೇ ಚಾನೆಲ್‌ಗಳು ಸರಿಹೊಂದುತ್ತವೆ. ಇದು ಭ್ರಮೆಯಲ್ಲ, ಮಳೆ ಮೇಲಿಂದಲೇ ಸುರಿಯುತ್ತದೆ. ಇದಕ್ಕಾಗಿ ಹಜಾರದ ತಾರಸಿಗೆ ಎರಡು ಕಡೆ ರಂಧ್ರ ಕೊರೆಯಬೇಕಾಗಿದ್ದು, ಆ ಕುರಿತ ಅರ್ಜಿಯು ಅಡುಗೆಮನೆಯ ಪೀಠದ ಮುಂದೆ ವಿಚಾರಣೆಯಲ್ಲಿದೆ. ಹಿತ್ತಾಳೆ ಪಟ್ಟಿಗಳನ್ನು ಹುಡುಕಿ ಹಾಜರುಪಡಿಸಬೇಕೆಂಬುದು ಪೀಠದ ಮಧ್ಯಂತರ ಆದೇಶ.