ಮೊಣಕೈ ದರ್ಶನ

ಬೈಕಿನ ಜೊತೆ ಬಂದ ಕನ್ನಡಿಗಳಲ್ಲಿ ಎಡಗಡೆಯದು ನನ್ನ ಎಡ ಮೊಣಕೈಯನ್ನೂ ಬಲಗಡೆಯದು ಬಲ ಮೊಣಕೈಯನ್ನೂ ಚೆನ್ನಾಗಿ ತೋರಿಸುತ್ತಿದ್ದವು. ಮೊಣಕೈಯ ಆಚೆ ಉಳಿದ ಜಾಗದಲ್ಲಿ ಒಂದಿಷ್ಟು ಆಕಾಶ, ಅದರ ಮೂಲೆಯಲ್ಲಿ ಬಿಎಂಟಿಸಿ ಬಸ್ಸಿನ ಒಂದು ಕಿವಿ. ಗಾಡಿ ಹೊರಟರೆ ಅದೂ ಇಲ್ಲ. ಒಂದೇ ಸಿಲಿಂಡರಿನ ಇಂಜಿನ್ನು. ಕನ್ನಡಿಯೊಳಗಿನ ಲೋಕವೆಲ್ಲ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಹಾಗಂತ ನನಗೇನೂ ತೊಂದರೆಯಿರಲಿಲ್ಲ. ಬೆಂಗಳೂರಿನಲ್ಲಿ ಹಿಂದೆ ಇರುವವರು ತಾವಿದ್ದೇವೆ ಎಂಬ ಸಮಾಚಾರವನ್ನು ಎದುರಿನವನ ಕನ್ನಡಿಯ ಮರ್ಜಿಗೆ ಬಿಡುವವರಲ್ಲ. ಸಿಗ್ನಲ್ಲು ಹಸಿರಾಗುವ ಮುಂಚೆಯೇ ಹಾರ್ನ್ ಹೊಡೆದು ಹೇಳಿಬಿಡುತ್ತಾರೆ. ಬಂದದ್ದು ಆಟೋವೋ ಟೆಂಪೋವೋ ನೀರಿನ ಟ್ಯಾಂಕರೋ ಎಂದು ಸದ್ದಿನಲ್ಲೇ ಗುರುತಿಸಬಲ್ಲ ವಿದ್ಯೆ ನನಗೆ ಸಿದ್ಧಿಸಿತ್ತು. ಕನ್ನಡಿ ಬದಲಾಯಿಸುವ ಆಸೆ ಹುಟ್ಟಿದ್ದು ಹಿಂದಿನದನ್ನು ನೋಡುವುದಕ್ಕಲ್ಲ, ಮುಂದಿನವರು ನನ್ನನ್ನು ನೋಡಲಿ ಎಂದು. ಪಕ್ಕದ ಮನೆಯ ಹುಡುಗ ಹ್ಯಾಂಡಲ್ಲಿನ ಎರಡು ತುದಿಗೂ ದುಂಡನೆಯ ಕಪ್ಪು ಕನ್ನಡಿ ಸಿಗಿಸಿಕೊಂಡು ಬಂದು, ‘ಬಾರ್ ಎಂಡ್ ಮಿರರ್ ಅಂಕಲ್, ನಿಮಗೆಲ್ಲಾ ಇದು ಸೂಟ್ ಆಗಲ್ಲ’ ಎಂದ. ‘ಸೂಟ್ ಆಗಲ್ಲ’ ಎಂದಿದ್ದನ್ನು ಸಹಿಸಿಕೊಂಡೆ. ‘ಅಂಕಲ್’ ಎಂದಿದ್ದಕ್ಕೆ ಆ ಶನಿವಾರವೇ ಜೆ.ಸಿ. ರಸ್ತೆಗೆ ಹೊರಟೆ.

ಟೌನ್ ಹಾಲಿಗೂ ಮಿನರ್ವ ಸರ್ಕಲ್ಲಿಗೂ ನಡುವಿನ ಆ ರಸ್ತೆಯಲ್ಲಿ ಗಾಡಿ ನಿಧಾನ ಮಾಡಿದವನೇ ಗಿರಾಕಿ. ಅಂಗಡಿ ಹುಡುಗರು ರಸ್ತೆಗೇ ಇಳಿದು ‘ಏನ್ ಬೇಕು ಸಾರ್, ಸೀಟ್ ಕವರ್ರಾ, ಹಾರ್ನಾ, ಫಾಗ್ ಲೈಟಾ’ ಎನ್ನುತ್ತಾರೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೊರಟಾಗಲೂ ನನಗೆ ಸೀಟ್ ಕವರ್ ತೋರಿಸಿದ್ದಾರೆ. ಕನ್ನಡಿ ಎಂದ ಕೂಡಲೇ ಅಂಗಡಿಯವರು ಗಾಜಿನ ಮೇಜಿನ ಮೇಲೆ ಒಂದು ಮದುವೆಗಾಗುವಷ್ಟು ಕನ್ನಡಿ ಹರವಿದರು. ಚೌಕ, ಎಲೆಯಾಕಾರ, ಷಟ್ಕೋನ. ಕೆಲವಕ್ಕೆ ನೀಲಿ ಗಾಜು, ಅವುಗಳಲ್ಲಿ ಮಟಮಟ ಮಧ್ಯಾಹ್ನವೂ ಸಂಜೆ.

‘ಪ್ಲೇನ್ ಬೇಕಾ, ಕಾನ್ವೆಕ್ಸ್ ಬೇಕಾ?’ ಎಂದರು.

ಹೈಸ್ಕೂಲಿನಲ್ಲಿ ಉರುಹೊಡೆದದ್ದು ಅಲ್ಲಿ ಫಲ ಕೊಟ್ಟಿತು. ಪೀನ ದರ್ಪಣದಲ್ಲಿ ಎದುರಿನ ವಸ್ತುವಿನ ಬಿಂಬ ಯಾವಾಗಲೂ ಮಿಥ್ಯ, ನೇರ ಮತ್ತು ವಸ್ತುವಿಗಿಂತ ಚಿಕ್ಕದು. ಸಮತಲ ದರ್ಪಣ ಹಾಗಲ್ಲ, ಇದ್ದದ್ದನ್ನು ಇದ್ದಷ್ಟೇ ತೋರಿಸುವ ಸತ್ಯವಂತ. ಆದರೆ ಅದರ ಲೋಕ ತೀರ ಇಕ್ಕಟ್ಟು, ಪಕ್ಕದ ಸಾಲಿನಲ್ಲಿ ಬರುವ ಲಾರಿ ಅದರ ಪಾಲಿಗೆ ಹುಟ್ಟೇ ಇಲ್ಲ. ಉಬ್ಬುಗನ್ನಡಿ ಅಷ್ಟಗಲವನ್ನೂ ತೋರಿಸುತ್ತದೆ, ಸಣ್ಣದು ಮಾಡಿ ತೋರಿಸುತ್ತದೆ. ಲಾರಿ ಎಲ್ಲೋ ದೂರದಲ್ಲಿ, ಪುಟ್ಟದಾಗಿ, ಸಾಧುವಾಗಿ ಕಾಣುತ್ತದೆ. ನೀವು ನೋಡಿ ಮುಗಿಸುವಷ್ಟರಲ್ಲಿ ಅದರ ಕ್ಲೀನರ್ ಬಾಗಿಲು ತಟ್ಟುತ್ತ ನಿಮ್ಮ ಪಕ್ಕದಲ್ಲಿರುತ್ತಾನೆ. ಪೂರ್ತಿ ಸುಳ್ಳು ಹೇಳದ, ಪೂರ್ತಿ ನಿಜವನ್ನೂ ಹೇಳದ ಇಂಥವರ ಜೊತೆ ಆಫೀಸಿನಲ್ಲಿ ದಿನವೂ ಏಗುವವನು ನಾನು. ಕಾನ್ವೆಕ್ಸೇ ಕೊಡಿ ಎಂದೆ.

ಬಿಚ್ಚಲು ಬಂದ ಹುಡುಗ ಮೊದಲು ಗಾಡಿಯ ಹೆಸರು ನೋಡಿದ. ‘ಯಮಹಾ ಆಗಿದ್ರೆ ಬಲಗಡೆದು ಉಲ್ಟಾ ಥ್ರೆಡ್ಡು ಸಾರ್’ ಎಂದ. ಸಾಮಾನ್ಯ ಥ್ರೆಡ್ಡಾದರೆ, ಬಲಗಡೆಯ ಕನ್ನಡಿಗೆ ಎದುರಿನಿಂದ ಏಟು ಬಿದ್ದಾಗ ಅದು ಹಿಂದಕ್ಕೆ ತಿರುಗುತ್ತ ಇನ್ನಷ್ಟು ಬಿಗಿಯಾಗಿ ಮುರಿದೇ ಹೋಗಬಹುದು. ಉಲ್ಟಾ ಥ್ರೆಡ್ಡಿದ್ದರೆ ಸಡಿಲವಾಗಿ ಸುಮ್ಮನೆ ಪಕ್ಕಕ್ಕೆ ಹೊರಳುತ್ತದೆ. ಏಟು ತಿಂದಾಗ ಬಿಗಿಯಬಾರದು ಎಂಬುದನ್ನು ಬೋಲ್ಟಿಗೂ ಕಲಿಸಿದ್ದಾರಲ್ಲ ಎಂದು ಖುಷಿಯಾಯಿತು. ನನ್ನ ಗಾಡಿಗೆ ಆ ಭಾಗ್ಯವಿರಲಿಲ್ಲ. ಹಳೆಯ ಕನ್ನಡಿಗಳು ಬಿಚ್ಚಿಕೊಂಡವು, ಬ್ರೇಕು ಕ್ಲಚ್ಚುಗಳ ಬುಡದಲ್ಲಿ ಎರಡು ಬರಿಯ ತೂತು ಉಳಿದವು. ಆಮೇಲೆ ಹ್ಯಾಂಡಲ್ಲಿನ ತುದಿಯ ಕಬ್ಬಿಣದ ಗುಂಡುಗಳನ್ನು ಕಳಚಿದ. ಅವು ಅಲಂಕಾರಕ್ಕಲ್ಲ, ಇಂಜಿನ್ನಿನ ನಡುಕ ಕೈಗೆ ಬಾರದಿರಲೆಂದು ಕೂರಿಸಿದ ಭಾರ. ಆ ಭಾರ ತೆಗೆದ ಜಾಗಕ್ಕೇ ಹೊಸ ಕನ್ನಡಿ. ಅಂದರೆ ನಡುಗುವ ಕನ್ನಡಿಯನ್ನು ಬಿಚ್ಚಿ, ನಡುಕ ತಡೆಯುವುದನ್ನೂ ಬಿಚ್ಚಿ, ಎಲ್ಲಕ್ಕಿಂತ ಹೆಚ್ಚು ನಡುಗುವ ತುದಿಗೆ ಮತ್ತೊಂದು ಕನ್ನಡಿಯನ್ನು ಕಟ್ಟಿದಂತಾಯಿತು. ಹುಡುಗನನ್ನು ಕೇಳಿದರೆ, ‘ಸಿಗ್ನಲ್‌ನಲ್ಲಿ ನಿಂತಾಗ ನೋಡ್ಕೊಳ್ಳಿ ಸಾರ್, ಸೂಪರಾಗಿ ಕಾಣ್ಸತ್ತೆ’ ಎಂದ. ಮೊಣಕೈ ಮಾತ್ರ ಮಾಯವಾಗಿತ್ತು, ಅದು ನಿಜ.

ಹೊಸ ಕನ್ನಡಿಯ ಎತ್ತರ ಕಾರುಗಳ ಕನ್ನಡಿಯ ಎತ್ತರಕ್ಕೆ ಸರಿಯಾಗಿ ಬಂದಿದೆ. ನಮ್ಮೂರಿನ ಬೈಕು ಸವಾರ ಸಂದಿನ ಅಗಲವನ್ನು ಅಳೆಯುವುದು ತನ್ನ ಮಂಡಿಯಿಂದ. ಮಂಡಿ ತೂರಿದರೆ ಗಾಡಿಯೂ ತೂರಿತೆಂದು ಲೆಕ್ಕ. ಈಗ ಮಂಡಿ ತೂರುತ್ತದೆ, ಕನ್ನಡಿ ತೂರುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಎರಡು ಕಾರುಗಳ ನಡುವೆ ಸಿಕ್ಕಿ ನಿಂತರೆ, ಅವರ ಕನ್ನಡಿಯೊಳಗೆ ನನ್ನದು, ನನ್ನದರೊಳಗೆ ಅವರದು. ಯಾರು ಮೊದಲು ಮಡಿಚಬೇಕು ಎಂಬ ಮೌನ ಮಾತುಕತೆ ಹಸಿರು ದೀಪ ಬರುವವರೆಗೂ ನಡೆಯುತ್ತದೆ. ಇನ್ನು ಹೆಲ್ಮೆಟ್ಟು ನೇತುಹಾಕಲು ಜಾಗವಿಲ್ಲ, ಸೊಪ್ಪಿನ ಚೀಲಕ್ಕೂ ಇಲ್ಲ. ಪಿಕಳಾರ ಹಕ್ಕಿಗೆ ಮಾತ್ರ ಅನುಕೂಲವಾಗಿದೆ. ಮೊದಲು ಕನ್ನಡಿಯ ಕಡ್ಡಿಯ ಮೇಲೆ ಕೂತು ತನ್ನ ಬಿಂಬಕ್ಕೆ ಕುಕ್ಕುತ್ತಿದ್ದುದು, ಈಗ ಕೂರಲು ಇಡೀ ಹ್ಯಾಂಡಲ್ಲು ಸಿಕ್ಕಿರುವುದರಿಂದ ನೆಮ್ಮದಿಯಾಗಿ ಜಗಳವಾಡುತ್ತದೆ.

ಕನ್ನಡಿಯ ಇತಿಹಾಸವೇನೂ ಇದಕ್ಕಿಂತ ಘನವಾದದ್ದಲ್ಲ. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬಾಕೆ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿ ಇಟ್ಟುಕೊಂಡು ಆಗಾಗ ಎತ್ತಿ ಹಿಂದೆ ನೋಡಬೇಕೆಂದು ಪುಸ್ತಕದಲ್ಲಿ ಬರೆದಳು. ಹೆಸರು ಬಂದದ್ದು ಮಾತ್ರ ಎರಡು ವರ್ಷದ ನಂತರ ಅಮೆರಿಕದಲ್ಲೊಬ್ಬ ಗಂಡಸಿಗೆ. 1911ರ ಮೇ 30ರಂದು ನಡೆದ ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ಓಟದಲ್ಲಿ ಉಳಿದವರೆಲ್ಲ ಪಕ್ಕದಲ್ಲೊಬ್ಬ ಮೆಕ್ಯಾನಿಕ್ಕನನ್ನು ಕೂರಿಸಿಕೊಂಡಿದ್ದರು. ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳುವುದೂ ಅವನ ಕೆಲಸ. ರೇ ಹ್ಯಾರೂನ್ ಎಂಬಾತ ಒಬ್ಬನೇ ಕೂರುವ ಕಾರು ತಂದಿದ್ದ. ಉಳಿದವರು ತಕರಾರು ತೆಗೆದರು. ಅವನು ಮುಂದೊಂದು ಕನ್ನಡಿ ಕಟ್ಟಿ ಅವರ ಬಾಯಿ ಮುಚ್ಚಿಸಿದ, ಓಟವನ್ನೂ ಗೆದ್ದ. ಎಷ್ಟೋ ಕಾಲದ ಮೇಲೆ ಗುಟ್ಟು ಬಿಟ್ಟುಕೊಟ್ಟ: ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೆಂದರೆ ಏನೂ ಕಾಣಿಸಿರಲಿಲ್ಲ.

ಇದನ್ನು ಓದಿದ ಮೇಲೆ ನನಗೆ ನನ್ನ ಕನ್ನಡಿಯ ಮೇಲೆ ಗೌರವ ಹೆಚ್ಚಿತು. ಹೆಂಡತಿಗೂ ಹೇಳಿದೆ. ‘ಆ ಮೆಕ್ಯಾನಿಕ್ಕುಗಳಿಗೆ ಸಂಬಳ ಕೊಡ್ತಿದ್ರಾ?’ ಎಂದಷ್ಟೇ ಕೇಳಿದಳು. ಮದುವೆಯಾದಂದಿನಿಂದ ಹಿಂದಿನ ಸೀಟಿನಲ್ಲಿ ಕೂತು ‘ರೀ, ಬಸ್ಸು ಬಂತು’, ‘ರೀ, ಎಡಕ್ಕೆ ಬನ್ನಿ’, ‘ಇಂಡಿಕೇಟರ್ ಆಫ್ ಮಾಡಿ, ಆವಾಗಿಂದ ಮಿನುಗ್ತಿದೆ’ ಎಂದು ಸಂಬಳವಿಲ್ಲದೆ ಆ ಕೆಲಸ ಮಾಡಿಕೊಂಡು ಬಂದವಳು ಅವಳೇ.

ಆಯುಧಪೂಜೆಯ ದಿನ ಬಾಳೆಕಂದು ಹಿಡಿದು ಬಂದು ಗಾಡಿಯ ಮುಂದೆ ನಿಂತಳು. ‘ಎಲ್ಲಿಗ್ರೀ ಕಟ್ಟೋದು?’ ಪ್ರಶ್ನೆ ನ್ಯಾಯವಾದದ್ದೇ. ಕನ್ನಡಿಯ ಕಡ್ಡಿಗಲ್ಲದೆ ಬಾಳೆಕಂದನ್ನು ಇನ್ನೆಲ್ಲಿಗೆ ಕಟ್ಟುತ್ತಾರೆ? ಸೇವಂತಿಗೆ ಹಾರ ಎಲ್ಲಿಂದ ಇಳಿಬೀಳಬೇಕು? ಹ್ಯಾಂಡಲ್ಲಿನ ತುದಿಗೆ ಕಟ್ಟಿ ನೋಡಿದೆ; ಗಾಡಿ ಎರಡೂ ಕೈ ಚಾಚಿ ಗೇಟಿನೊಳಗೇ ಸಿಕ್ಕಿಕೊಂಡಿತು. ಕೊನೆಗೆ ಅಟ್ಟದಿಂದ ಹಳೆಯ ಕನ್ನಡಿಗಳನ್ನು ಇಳಿಸಿ ಖಾಲಿ ತೂತುಗಳಿಗೆ ತಿರುಗಿಸಿದೆ. ಬಾಳೆಕಂದು ನಿಂತಿತು, ಹಾರ ಇಳಿಯಿತು. ಒಂದು ಗಾಡಿಗೆ ನಾಲ್ಕು ಕನ್ನಡಿ. ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಮೇಲಿಂದ ನೋಡಿ ಮಾತಿಲ್ಲದೆ ಒಳಗೆ ಹೋದ.

ಅವಳು ನಾಲ್ಕಕ್ಕೂ ವಿಭೂತಿ ಬಳಿದು, ನಡುಮಧ್ಯಕ್ಕೆ ಒಂದೊಂದು ದೊಡ್ಡ ಕುಂಕುಮದ ಬೊಟ್ಟಿಟ್ಟಳು. ಚಕ್ರದಡಿ ನಿಂಬೆಹಣ್ಣು ಇಟ್ಟು, ‘ಒಂದು ರೌಂಡ್ ಹೋಗಿ ಬನ್ನಿ’ ಎಂದಳು.

‘ಒಂದರಲ್ಲೂ ಹಿಂದೆ ಏನೂ ಕಾಣ್ತಿಲ್ಲವಲ್ಲೇ’ ಎಂದೆ.

‘ಯಾವತ್ತು ಕಾಣ್ತಿತ್ತು?’ ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತಳು. ‘ಹೊರಡಿ. ಸ್ಕೂಟರೊಂದು ಬರ್ತಿದೆ... ತಡೀರಿ... ಹೋಯ್ತು, ಈಗ ಹೊರಡಿ.’