ಮೇಡಂ ಫಿಟ್ಟೋ, ಅನ್‌ಫಿಟ್ಟೋ

ಅಕ್ಕನ ಮಗಳಿಗೆ ಸೌದಿಯ ದಮ್ಮಾಮ್‌ನಲ್ಲಿ ಗಣಿತದ ಮೇಡಂ ಕೆಲಸ ಸಿಕ್ಕಿತು. ಫೋನಿನಲ್ಲಿ ನಡೆದ ಸಂದರ್ಶನದಲ್ಲಿ ಗಣಿತ ಕೇಳಿದ್ದು ಕಾಫಿ ಆರುವಷ್ಟು ಹೊತ್ತು. ಆಮೇಲೆ ಶುರುವಾದ ಮೈ ಪರೀಕ್ಷೆಗೆ ಮಾತ್ರ ಮುಗಿಯುವ ಲಕ್ಷಣವೇ ಇರಲಿಲ್ಲ.

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಆ ದೇಶಗಳು ಒಪ್ಪಿದ ಕೇಂದ್ರದಲ್ಲೇ ತಪಾಸಣೆ ಮಾಡಿಸಬೇಕು. ಮೊದಲು ಇದಕ್ಕೆ ಗಮ್ಕಾ ಎನ್ನುತ್ತಿದ್ದರು. ಈಗ ವಾಫಿದ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಜನರ ಬಾಯಲ್ಲಿ ಇನ್ನೂ ಗಮ್ಕಾನೇ. ನಮ್ಮೂರು ಹರಿಯಬ್ಬೆಯವರು ಪಕ್ಕದ ಧರ್ಮಪುರದ ಡಾಕ್ಟರ ಚೀಟಿ ತೋರಿಸಿದರೆ ನಡೆಯದು. ಹಿರಿಯೂರಿಗೆ ಬಂದು ಹೆದ್ದಾರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮಲೇರಿಯಾ, ಮಲ, ಮೂತ್ರ, ಎದೆಯ ಎಕ್ಸ್‌ರೇ, ಹೆಂಗಸರಿಗೆ ಬಸಿರಿನ ಪರೀಕ್ಷೆ ಬೇರೆ. ಪಟ್ಟಿಯನ್ನು ನಮ್ಮವ್ವನಿಗೆ ಓದಿ ಹೇಳಿದೆ.

"ಅಲ್ಲ ಕಣೋ, ಜಾತ್ರೇಲಿ ಎತ್ತಿಗೂ ಹಲ್ಲು ನೋಡಿ ಬಿಡ್ತಾರೆ. ಇವ್ಳೇನು ಗಾಡಿ ಎಳೀತಾಳಾ?"

ಇದರಲ್ಲಿ ನಿಜಕ್ಕೂ ಕ್ರೂರವಾದದ್ದು ಆ ಎಕ್ಸ್‌ರೇ. ಕ್ಷಯ ಬಂದು, ಸರ್ಕಾರಿ ಆಸ್ಪತ್ರೆಯ ಪುಕ್ಕಟೆ ಮಾತ್ರೆಯನ್ನು ಆರು ತಿಂಗಳು ನುಂಗಿ ಪೂರ್ತಿ ವಾಸಿಯಾದವರ ಶ್ವಾಸಕೋಶದಲ್ಲೂ ಹಳೆಯ ಕಲೆ ಉಳಿದಿರಬಹುದು. ಆ ಕಲೆಯಿಂದ ಯಾರಿಗೂ ಸೋಂಕು ತಗಲದು. ಆದರೂ ಕಂಡಿತೋ, ಅನ್‌ಫಿಟ್. ಯುಎಇ 2016ರಲ್ಲಿ ನಿಯಮವನ್ನು ತುಸು ಸಡಿಲಿಸಿತು, ಅದೂ ವೀಸಾ ನವೀಕರಿಸುವ ಹಳಬರಿಗೆ, ಹೊಸದಾಗಿ ಹೋಗುವವರಿಗಲ್ಲ. ಪಾಠ ಹೇಳುವ ಮೇಷ್ಟ್ರಿಗೆ ಎಂದೋ ವಾಸಿಯಾದ ಕಾಯಿಲೆಯ ಲೆಕ್ಕ ಯಾಕೆ ಬೇಕೋ ದೇವರೇ ಬಲ್ಲ.

ನಮ್ಮ ಹುಡುಗಿ, "ಮಾಮ, ಶ್ವಾಸಕೋಶ ಫಸ್ಟ್ ಕ್ಲಾಸಲ್ಲಿ ಪಾಸು" ಎಂದು ಫೋನು ಮಾಡಿದಳು. ಇನ್ನು ಬಿಎಡ್ ಪ್ರಮಾಣಪತ್ರದ ಸರದಿ. ಸೌದಿ 2022ರ ಡಿಸೆಂಬರ್‌ನಿಂದ ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ್ದರಿಂದ ರಾಯಭಾರ ಕಚೇರಿಯ ಮುದ್ರೆಯ ಅಲೆದಾಟ ತಪ್ಪಿತು.

ಅಲ್ಲಿಗೆ ಹೋಗಿ ಇಳಿದ ಮೇಲೆ ಮತ್ತೆ ತಪಾಸಣೆ, ಬೆರಳಚ್ಚು. 90 ದಿನದೊಳಗೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಆಗಬೇಕು. ಅದಿಲ್ಲದೆ ಬ್ಯಾಂಕು ಖಾತೆಗೂ ಪರದಾಟ. ಹಬ್ಬಕ್ಕೆಂದು ಊರಿಗೆ ಬಂದುಹೋಗಲಿಕ್ಕೂ ಬೇರೆ ವೀಸಾ ಮೊದಲೇ ಬೇಕು. ನಮ್ಮೂರ ಹಿರಿಯರೋ, ಹಬ್ಬದ ತಾರೀಖನ್ನು ಹಿಂದಿನ ವಾರದವರೆಗೂ ಎಳೆದಾಡುವವರು! ಈ ಸಲದಿಂದಾದರೂ ಸೌದಿ ಸರ್ಕಾರವನ್ನು ನೆನೆದು ಬೇಗ ಗೊತ್ತುಮಾಡಲಿ ಎಂದು ಅವ್ವ ಹೇಳಿಕಳಿಸಿದ್ದಾಳೆ.

ನಾವೇನು ಕಡಿಮೆ? 180 ದಿನಕ್ಕೂ ಹೆಚ್ಚು ಕಾಲದ ವೀಸಾದ ಮೇಲೆ ನಮ್ಮಲ್ಲಿಗೆ ಬರುವ ವಿದೇಶಿಯರು 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಜಿಲ್ಲೆಗಳಲ್ಲಿ ಆ ಕೆಲಸ ಪೊಲೀಸ್ ವರಿಷ್ಠಾಧಿಕಾರಿಯದು. ಹರಿಯಬ್ಬೆಗೆ ಇಂಗ್ಲಿಷ್ ಕಲಿಸಲು ಯಾರಾದರೂ ಬಿಳಿಯ ಮೇಷ್ಟ್ರು ಬಂದರೆ ಅವರ ಕಡತ ಚಿತ್ರದುರ್ಗದಲ್ಲೇ ತೆರೆದೀತು.

ಹೊರಡುವ ಮನಸ್ಸಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದೇ ಮಾತು: ಅನ್‌ಫಿಟ್ ಆದರೆ ಪರೀಕ್ಷೆಯ ದುಡ್ಡು ವಾಪಸ್ ಬರುವುದಿಲ್ಲ, ಬಿಟ್ಟ ಕೆಲಸವೂ ಬರುವುದಿಲ್ಲ. ಇರುವ ಶಾಲೆಗೆ ರಾಜೀನಾಮೆ ಬರೆಯುವ ಮೊದಲೇ ಹಿರಿಯೂರಿನಲ್ಲಿ ಒಂದು ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಿ.