ರೆಕಾರ್ಡ್ ಪುಸ್ತಕ ಮೀಮಾಂಸೆ: ಉತ್ತರದಿಂದ ಪ್ರಯೋಗದೆಡೆಗೆ

ಕಾಲೇಜಿನ ಪ್ರಯೋಗಾಲಯದಲ್ಲಿ ವಿಜ್ಞಾನ ನಡೆಯುತ್ತದೆ ಎಂಬುದು ಲೋಕದ ನಂಬಿಕೆ. ಅಲ್ಲಿ ನಿಜಕ್ಕೂ ನಡೆಯುವುದು ರೆಕಾರ್ಡ್ ಪುಸ್ತಕವೆಂಬ ಗ್ರಂಥದ ರಚನೆ. ಬಲಪುಟಕ್ಕೆ ಗೆರೆ, ಎಡಪುಟ ಖಾಲಿ. ಖಾಲಿ ಪುಟದಲ್ಲಿ ಪೆನ್ಸಿಲ್ಲಿನ ಚಿತ್ರ, ಗೆರೆಯ ಪುಟದಲ್ಲಿ ಉದ್ದೇಶ, ಸೂತ್ರ, ವಿಧಾನ, ಫಲಿತಾಂಶ. ಮೇಲೆ ಕಂದು ಕಾಗದದ ಹೊದಿಕೆ, ಕೊನೆಯಲ್ಲಿ ಕೆಂಪು ಶಾಯಿಯ ಸಹಿ. ವರ್ಷವರ್ಷವೂ ಸ್ಟಾಫ್ ರೂಮಿನ ಮೇಜಿನ ಮೇಲೆ ಗೋಪುರದಂತೆ ಏಳುವ ಈ ಕೃತಿಗಳಿಗೆ ನಮ್ಮ ಸಾಹಿತ್ಯ ಚರಿತ್ರೆಕಾರರು ಒಂದು ಅಧ್ಯಾಯವನ್ನೂ ಕೊಟ್ಟಿಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಬೇಕಾಗುವ ಸಾಮಗ್ರಿ: ಒಂದು ಲೋಲಕ, ಒಂದು ಸ್ಟಾಪ್‌ವಾಚ್, ಒಬ್ಬ ಸೀನಿಯರ್.

ಮೊದಲು ಇತಿಹಾಸ. 1824ರಲ್ಲಿ, 21ರ ವಯಸ್ಸಿನ ಯೂಸ್ಟುಸ್ ಲೀಬಿಗ್ ಜರ್ಮನಿಯ ಗೀಸೆನ್‌ಗೆ ರಸಾಯನಶಾಸ್ತ್ರ ಕಲಿಸಲು ಬಂದ. ಪಾಠ ಕೇಳಿ ಎದ್ದುಹೋಗುತ್ತಿದ್ದ ವಿದ್ಯಾರ್ಥಿಗಳ ಕೈಗೇ ಗಾಜಿನ ಪಾತ್ರೆ ಕೊಟ್ಟು ದುಡಿಸಿದ. ಹೋಫ್‌ಮನ್, ಕೆಕುಲೆಯಂಥ ರಸಾಯನಶಾಸ್ತ್ರಜ್ಞರು ಅಲ್ಲಿ ಪಳಗಿದರು. ಆದರೆ ಆತನ ಪದ್ಧತಿಯಲ್ಲೊಂದು ಮೂಲಭೂತ ದೋಷವಿತ್ತು. ವಿಶ್ಲೇಷಣೆಗೆ ಕೊಟ್ಟ ವಸ್ತುವಿನಲ್ಲಿ ಏನಿದೆ ಎಂಬುದು ವಿದ್ಯಾರ್ಥಿಗೆ ಮುಂಚೆಯೇ ಗೊತ್ತಿರುತ್ತಿರಲಿಲ್ಲ. ಈ ದೋಷವನ್ನು ನಮ್ಮ ಕಾಲೇಜುಗಳು ಸಂಪೂರ್ಣವಾಗಿ ನಿವಾರಿಸಿವೆ.

ಇನ್ನು ಪ್ರಮಾಣ ವಿಚಾರ. ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಲ್ಯಾಬಿನಲ್ಲಿ ಪ್ರತ್ಯಕ್ಷವೇ ಎಲ್ಲಕ್ಕಿಂತ ದುರ್ಬಲ, ಏಕೆಂದರೆ ಐದಾರು ಜನರ ಬ್ಯಾಚಿಗೆ ಒಂದೇ ಸ್ಪೆಕ್ಟ್ರೋಮೀಟರ್ ಇದ್ದಾಗ ಅದಕ್ಕೆ ಕಣ್ಣಿಡುವವನು ಒಬ್ಬ, ಮಿಕ್ಕವರು ಅವನ ಬೆನ್ನು ನೋಡುವವರು. ಉಪಮಾನವೆಂದರೆ ಪಕ್ಕದ ಮೇಜಿನ ರೀಡಿಂಗ್. ಅನುಮಾನವೆಂದರೆ ಉತ್ತರ ಇಟ್ಟುಕೊಂಡು ಸೂತ್ರವನ್ನು ತಲೆಕೆಳಗು ಮಾಡಿ ರೀಡಿಂಗ್ ಹುಟ್ಟಿಸುವುದು. ಇವೆಲ್ಲಕ್ಕೂ ಮೇಲಿನದು ಶಬ್ದ, ಅಂದರೆ ಹೋದ ವರ್ಷದ ರೆಕಾರ್ಡ್. ಆಪ್ತನ ಮಾತೇ ಪ್ರಮಾಣವೆಂದು ಶಾಸ್ತ್ರ ಹೇಳುತ್ತದೆ. ಪ್ರ್ಯಾಕ್ಟಿಕಲ್ಸ್‌ನಲ್ಲಿ 30ಕ್ಕೆ 30 ತೆಗೆದ ಸೀನಿಯರ್‌ಗಿಂತ ಆಪ್ತ ಯಾರು? ಕೈಯಿಂದ ಕೈಗೆ ದಾಟುವಾಗ ತಪ್ಪುಗಳೂ ನಿಷ್ಠೆಯಿಂದ ಉಳಿದು ಬರುತ್ತವೆ. ತಾಳೆಗರಿಯ ಪಾಠಾಂತರಗಳನ್ನು ಹೋಲಿಸಿ ಮೂಲಪ್ರತಿಯನ್ನು ಊಹಿಸುವವರಂತೆ, ಒಂದೇ ಜಾಗದಲ್ಲಿ ದಶಮಾಂಶ ಬಿಂದು ತಪ್ಪಿದ ರೆಕಾರ್ಡುಗಳನ್ನು ಜೋಡಿಸಿ ಒಂದು ಕಾಲೇಜಿನ ವಂಶವೃಕ್ಷವನ್ನೇ ಬರೆಯಬಹುದು. ಈ ಕೆಲಸಕ್ಕೆ ಯಾವ ವಿಶ್ವವಿದ್ಯಾಲಯವೂ ಇನ್ನೂ ಪಿಎಚ್‌ಡಿ ಕೊಡದಿರುವುದು ವಿಷಾದನೀಯ.

ಶಬ್ದಪ್ರಮಾಣದ ಶಕ್ತಿ ಕಾಣಬೇಕಾದರೆ ಸರಳ ಲೋಲಕದ ಬಳಿಗೆ ಹೋಗಬೇಕು. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು 0.2 ಸೆಕೆಂಡ್ ಆಚೀಚೆ ಆದರೆ ಕಾಲದಲ್ಲಿ ಶೇ. 0.5ರಷ್ಟು ದೋಷ, ಸೂತ್ರದಲ್ಲಿ ಕಾಲದ ವರ್ಗ ಕೂತಿರುವುದರಿಂದ ಗುರುತ್ವದ ಬೆಲೆಯಲ್ಲಿ ಅದು ಶೇ. 1 ಆಗುತ್ತದೆ. ಅಂದರೆ ಪ್ರಾಮಾಣಿಕವಾಗಿ ಅಳೆದವನಿಗೆ 9.7 ಬರಬಹುದು, 9.9 ಬರಬಹುದು. ಆದರೆ ರೆಕಾರ್ಡುಗಳನ್ನು ತೆರೆದು ನೋಡಿ: 9.81, 9.81, ಮತ್ತೆ 9.81. ಹೆಬ್ಬೆರಳಿನ ಮೇಲೆ ಇಂಥ ಹತೋಟಿ ಯೋಗಿಗಳಿಗೂ ಕಷ್ಟ.

ಇದಕ್ಕಿಂತ ಅಚ್ಚರಿಯದು ಮುಂದಿದೆ. ಗುರುತ್ವದ ಬೆಲೆ ಊರಿಂದ ಊರಿಗೆ ಬದಲಾಗುತ್ತದೆ. ಭೂಮಧ್ಯರೇಖೆಯಲ್ಲಿ ಸುಮಾರು 9.78, ಧ್ರುವದಲ್ಲಿ 9.83. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿ ಕೂತ ಬೆಂಗಳೂರಿಗೆ ಸಲ್ಲುವುದು 9.78. 9.81 ಸಿಗುವುದು ಲಂಡನ್ ಮತ್ತು ಪ್ಯಾರಿಸ್‌ನಲ್ಲಿ. ಜಯನಗರದಲ್ಲೋ ಹಾಸನದಲ್ಲೋ ದಾರಕ್ಕೆ ಕಟ್ಟಿದ ಗುಂಡು ವೀಸಾ ಇಲ್ಲದೆ ಪ್ಯಾರಿಸ್‌ಗೆ ಹೋಗಿ ತೂಗಿಬರುತ್ತದೆ ಎಂಬುದನ್ನು ನಮ್ಮ ಮಕ್ಕಳು ದಾಖಲಿಸುತ್ತಲೇ ಬಂದಿದ್ದಾರೆ, ಭೌತಶಾಸ್ತ್ರಜ್ಞರು ಗಮನಿಸಿಲ್ಲ. ಅದೇ ರೆಕಾರ್ಡಿನ ‘ಮುನ್ನೆಚ್ಚರಿಕೆ’ಯಲ್ಲಿ ‘ಫ್ಯಾನ್ ಆರಿಸಲಾಯಿತು’ ಎಂದಿರುತ್ತದೆ. ಆ ಲ್ಯಾಬಿನಲ್ಲಿ ಫ್ಯಾನೇ ಇಲ್ಲದಿದ್ದರೂ ಅದು ಆರುತ್ತದೆ.

ರಸಾಯನಶಾಸ್ತ್ರದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಕಾಯಿಸದೆ ಪರ್ಮಾಂಗನೇಟ್ ಬಿಟ್ಟರೆ ಮೊದಲ ಹನಿಗಳ ಬಣ್ಣ ಬೇಗ ಮಾಯವಾಗುವುದಿಲ್ಲ. ಕಾಯಿಸುವ ಗೊಡವೆಗೆ ಹೋಗದವರಿಗೂ ಬ್ಯುರೆಟ್ 10.2, 10.2, 10.2 ಎಂದೇ ನುಡಿಯುತ್ತದೆ. ನೈಟ್ರೇಟಿನ ಕಂದು ಉಂಗುರಕ್ಕೆ ಫೆರಸ್ ಸಲ್ಫೇಟ್ ದ್ರಾವಣ ಹೊಸದಾಗಿರಬೇಕು, ಗಂಧಕಾಮ್ಲವನ್ನು ನಳಿಕೆಯ ಗೋಡೆಗುಂಟ ಮೆಲ್ಲಗೆ ಇಳಿಸಬೇಕು. ಉಂಗುರ ನಳಿಕೆಯಲ್ಲಿ ಕೈಕೊಟ್ಟರೂ ರೆಕಾರ್ಡಿನಲ್ಲಿ ಕೈಬಿಡುವುದಿಲ್ಲ. ಇನ್ನು ಪತ್ತೆಹಚ್ಚಲು ಕೊಟ್ಟ ಸಾಲ್ಟ್ ಯಾವುದೆಂದು ಖಚಿತವಾಗಿ ಬಲ್ಲ ಏಕೈಕ ಉಪಕರಣ ಅಟೆಂಡರ್ ಅಣ್ಣ. ಅವನನ್ನು ‘ಅಣ್ಣಾ’ ಎನ್ನಬೇಕೇ ಹೊರತು ಹೆಸರು ಹಿಡಿದು ಕರೆಯಬಾರದು; ಸೂಕ್ಷ್ಮ ಉಪಕರಣಗಳನ್ನು ಜೋಪಾನವಾಗಿ ಬಳಸಬೇಕಲ್ಲ!

ಇದೆಲ್ಲ ಹುಡುಗಾಟಿಕೆ ಎನ್ನುವವರು ರಾಬರ್ಟ್ ಮಿಲಿಕನ್‌ನನ್ನು ನೆನೆಯಲಿ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಹನಿಗಳಿಂದ ಅಳೆದ 1913ರ ಪ್ರಬಂಧದಲ್ಲಿ ಆತ ಕೊಟ್ಟದ್ದು 58 ಹನಿಗಳ ಲೆಕ್ಕ. ಇವು ಆಯ್ದವಲ್ಲ, ಆ ಅವಧಿಯ ಎಲ್ಲ ಹನಿಗಳೂ ಇವೇ ಎಂದೂ ಹೇಳಿಕೊಂಡ. ಅವನ ನೋಟ್‌ಬುಕ್ಕುಗಳಲ್ಲಿರುವ ಹನಿಗಳು ಸುಮಾರು 175. ಗಾಳಿಯ ಸ್ನಿಗ್ಧತೆಯ ಬೆಲೆ ತಪ್ಪಿದ್ದರಿಂದ ಅವನ ಉತ್ತರ ತುಸು ಕಡಿಮೆಯೇ ಬಂದಿತ್ತು. ನಂತರ ಅಳೆದವರು ಒಮ್ಮೆಗೇ ಸರಿಯಾದ ಬೆಲೆಗೆ ನೆಗೆಯಲಿಲ್ಲ. ಹಿಂದಿನವನಿಗಿಂತ ಚೂರೇ ಹೆಚ್ಚು ಎಂದು ಮೆಟ್ಟಿಲು ಹತ್ತುತ್ತ ಹೋದರು ಎಂದು ಭೌತಶಾಸ್ತ್ರಜ್ಞ ಫೈನ್‌ಮನ್ 1974ರಲ್ಲಿ ಕ್ಯಾಲ್ಟೆಕ್‌ನ ಘಟಿಕೋತ್ಸವದಲ್ಲಿ ಛೇಡಿಸಿದರು. ಅದನ್ನು ಅವರು ಟೀಕೆಯೆಂದು ತಿಳಿದರು. ಶಬ್ದಪ್ರಮಾಣದ ವಿಜಯವೆಂದು ಈ ಪ್ರಬಂಧ ತಿಳಿಯುತ್ತದೆ.

ಪೂರ್ವಪಕ್ಷವೊಂದು ಉಳಿದಿದೆ. ಭೌತಶಾಸ್ತ್ರ ಬೋಧನೆಯನ್ನು ಅಧ್ಯಯನ ಮಾಡುವ ನತಾಶಾ ಹೋಮ್ಸ್, ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮತ್ತು ಸಂಗಡಿಗರು 2017ರಲ್ಲಿ ಮೂರು ಸಂಸ್ಥೆಗಳ ಒಂಬತ್ತು ಕೋರ್ಸುಗಳನ್ನು ತಡಕಿ, ಪಾಠವನ್ನು ಗಟ್ಟಿಮಾಡಲೆಂದೇ ನಡೆಸುವ ಲ್ಯಾಬಿಗೆ ಹೋದವರಿಗೂ ಹೋಗದವರಿಗೂ ಥಿಯರಿ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಅವರು ಕೈಬರಹ, ಸ್ಕೇಲಿಟ್ಟು ಗೆರೆ ಎಳೆಯುವುದು, ಸಹಿಗಾಗಿ ಬಾಗಿಲಲ್ಲಿ ಕಾಯುವುದು ಮುಂತಾದ ವಿದ್ಯೆಗಳನ್ನು ಅಳೆಯಲೇ ಇಲ್ಲ. ಆದ್ದರಿಂದ ಈ ಆಕ್ಷೇಪ ನಿಲ್ಲದು.

ಆದರೆ ಇದೇ ಹೋಮ್ಸ್ ಮತ್ತು ವೀಮನ್ ಸೇರಿ 2015ರಲ್ಲಿ ಪ್ರಕಟಿಸಿದ ಕೆಲಸ ಅಪಾಯಕಾರಿ. ಲೋಲಕವನ್ನು 10 ಡಿಗ್ರಿಯಿಂದ ಬಿಟ್ಟಾಗಿನ ಕಾಲವನ್ನೂ 20 ಡಿಗ್ರಿಯಿಂದ ಬಿಟ್ಟಾಗಿನ ಕಾಲವನ್ನೂ ಹೋಲಿಸಿ, ದೋಷ ಲೆಕ್ಕಹಾಕಿ, ಸಾಲದಿದ್ದರೆ ಮತ್ತೆ ಅಳೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಕೋನ ಏನಿದ್ದರೂ ಕಾಲ ಒಂದೇ ಎಂದು ಪುಸ್ತಕದ ಸರಳ ಸೂತ್ರ ಹೇಳುತ್ತದೆ. ಆದರೆ ಈ ಎರಡು ಕೋನಗಳ ಕಾಲಗಳ ನಡುವೆ ಶೇ. 0.6ರಷ್ಟು ವ್ಯತ್ಯಾಸ ನಿಜಕ್ಕೂ ಇದೆ. ಆಂದೋಲನಗಳನ್ನು ಹೆಚ್ಚು ಎಣಿಸಿದಷ್ಟೂ ಅದು ಕೈಗೆ ಸಿಗುತ್ತದೆ. ಹೀಗೆ ಕಲಿತವರು ತಾವಾಗಿಯೇ ವಿಧಾನ ಸುಧಾರಿಸುವ ಸಂಭವ ಉಳಿದವರಿಗಿಂತ 12 ಪಟ್ಟು ಹೆಚ್ಚಿತ್ತಂತೆ. ಇಂಥವರು ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ಬಂದು ನಿಂತರೆ ಗತಿಯೇನು? ಅಂಕಪಟ್ಟಿಯಲ್ಲಿ ಸೂತ್ರಕ್ಕಿಷ್ಟು, ಚಿತ್ರಕ್ಕಿಷ್ಟು, ಕೋಷ್ಟಕಕ್ಕಿಷ್ಟು, ವೈವಾಗಿಷ್ಟು ಎಂದಿದೆ. ‘ಪುಸ್ತಕದ ಸೂತ್ರ ಇಲ್ಲಿ ಒಪ್ಪುತ್ತಿಲ್ಲ ಸರ್’ ಎಂದವನಿಗೆ ಎಷ್ಟು ಎಂಬ ಸಾಲೇ ಇಲ್ಲ. ಪಟ್ಟಿ ಪರಿಷ್ಕರಣೆಯಾಗುವ ತನಕ ಲೋಲಕವನ್ನು ಚಿಕ್ಕ ಕೋನದಿಂದಲೇ ಬಿಡತಕ್ಕದ್ದು, ಸಾಧ್ಯವಾದರೆ ಬಿಡದೆಯೇ ಇರತಕ್ಕದ್ದು ಎಂದು ಪ್ರಬಂಧ ಶಿಫಾರಸು ಮಾಡುತ್ತದೆ.